ತೊಟ್ಟಿಲಲ್ಲಿ ಕೂತ ದೊಡ್ಡ ಮನುಷ್ಯ

ಆಂಗುಲೇಮ್
ಮಾರ್ಚ್ 12, ಗುರುವಾರ

ಪ್ರೀತಿಯ ಓದಿಲ್,

ನಿನಗೆ ಮಗು ಹುಟ್ಟಿದ ಸುದ್ದಿ ಹೊತ್ತ ಕಾರ್ಡು ಬಂದು ಐದು ವಾರವಾಯಿತು. ಇಷ್ಟು ತಡ ಮಾಡಿದ್ದಕ್ಕೆ ಬೈಯಿ, ಆದರೆ ಪೂರ್ತಿ ಓದಿದ ಮೇಲೆ ಬೈಯಿ. ಮೂರು ಸಲ ಬರೆದು ಹರಿದು ಹಾಕಿದೆ. 'ಸುಜಾನ್, ಮೂರು ಕಿಲೋ ಇನ್ನೂರು ಗ್ರಾಂ.' ಅಷ್ಟೇ ಬರೆದಿದ್ದೀಯ. ಅದನ್ನೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡು ದಿನಕ್ಕೆ ಹತ್ತು ಸಲ ಓದುತ್ತೇನೆ.

ನಾನು ಚೆನ್ನಾಗಿದ್ದೇನೆ. ಕುಡಿಯುವುದನ್ನು ಬಿಟ್ಟು ಮೊನ್ನೆಗೆ ಆರು ವರ್ಷ. ಕೆಲಸ ಅದೇ, ನಮ್ಮ ಕಾರ್ಟೂನು ಧಾರಾವಾಹಿಗೆ ಕಥೆ, ಮಾತು ಬರೆಯುವುದು. ಅದರ ನಾಯಕ, ಎಂಟು ತಿಂಗಳ ಇಪೊಲಿತ್, ಡೈಪರಿನಲ್ಲಿ ಕೂತು ಪೇಪರು ಓದುತ್ತಾನೆ, ಅಪ್ಪನ ಟೈ ಸರಿಮಾಡುತ್ತಾನೆ, ಹಾಲಿನ ಬಾಟಲಿ ಮೂಸಿ "ಇದು ನಿನ್ನೆ ಹಾಲಲ್ವೇನ್ರೀ?" ಎಂದು ವಾಪಸು ಕಳಿಸುತ್ತಾನೆ. ಅವನಿಗೆ ದನಿ ಕೊಡುವವರು ಎಪ್ಪತ್ತರ ಅರ್ಮಾಂ. ಆ ಗೊಗ್ಗರು ದನಿ ತೊಟ್ಟಿಲಿನಿಂದ ಬಂದರೆ ಸಾಕು, ಜನ ಬಿದ್ದು ಬಿದ್ದು ನಗುತ್ತಾರೆ.

ಹೋದ ತಿಂಗಳು ಒಂದು ಕಂತಿಗೆ ಏನೂ ಹೊಳೆಯದೆ ತಲೆ ಕೆಟ್ಟುಹೋಗಿತ್ತು. ಕೊನೆಗೆ ಬರೆದೆ: ಭಾನುವಾರ ಬೆಳಿಗ್ಗೆ ಅಮ್ಮ ಸೋಫಾದ ಮೇಲೆ ಬಿದ್ದಿದ್ದಾಳೆ. ಇಪೊಲಿತ್ ಅವಳಿಗೆ ಕಂಬಳಿ ಹೊದಿಸಿ, ಸ್ಟೂಲು ಹತ್ತಿ ಕಾಫಿಗಿಟ್ಟು, ಬ್ರಿಯೋಶ್ ಬ್ರೆಡ್ಡು ಕೊಡಲು ಬಂದ ಪಕ್ಕದ ಮನೆಯಾಕೆಗೆ ಗಂಭೀರವಾಗಿ ಹೇಳುತ್ತಾನೆ: "ಅಮ್ಮಂಗೆ ಜ್ವರ ಮೇಡಂ. ನಾಳೆ ಬನ್ನಿ."

ನಿರ್ದೇಶಕಿ ಸೋಲೀನ್ ಮೇಜು ಕುಟ್ಟಿ ನಕ್ಕಳು. "ಎಲ್ಲಿಂದ ತರ್ತೀಯ ಮಾರಾಯ್ತಿ ಇವನ್ನೆಲ್ಲ?"

"ಹೊಳೀತು, ಅಷ್ಟೇ" ಅಂದೆ. ಎಲ್ಲಿಂದ ತಂದೆ ಅಂತ ನಿನಗೆ ಗೊತ್ತು, ಓದಿಲ್.

ನಮ್ಮಲ್ಲಿ ಮೊದಲು ದನಿ, ಆಮೇಲೆ ಚಿತ್ರ. ಮೊನ್ನೆ ಮಂಗಳವಾರ ಅರ್ಮಾಂ ಮೈಕಿನ ಮುಂದೆ ಆ ಜ್ವರದ ಮಾತು ಹೇಳಿದರು. ಇನ್ನೊಮ್ಮೆ ಹೇಳಿದರು. ಮೂರನೇ ಸಲಕ್ಕೆ ಹೆಡ್‌ಫೋನು ತೆಗೆದಿಟ್ಟರು.

"ಏನಾಯ್ತು? ಸ್ವಲ್ಪ ನಗು ಬರೋ ಹಾಗೆ ಹೇಳಿ" ಅಂದಳು ಸೋಲೀನ್.

"ನಗು ಎಲ್ಲಿಂದ ಬರ್ಬೇಕು? ಈ ಪಾಪು ಹೆದ್ರಿಕೊಂಡಿದೆ. ಇರೇನ್, ನೀನೇ ಹೇಳಮ್ಮ, ಆ ತಾಯಿ ಆಮೇಲೆ ಏಳ್ತಾಳೋ ಇಲ್ವೋ?"

ನಾನು ಬರೆದದ್ದರಲ್ಲಿ ಅವಳು ಏಳುತ್ತಲೇ ಇರಲಿಲ್ಲ. ಅಲ್ಲೇ ಕೂತು ಪೆನ್ನು ಹಿಡಿದೆ. ಈಗ ಅವಳು ಎದ್ದು ಬರುತ್ತಾಳೆ, ಅವನನ್ನು ಸ್ಟೂಲಿನಿಂದ ಎತ್ತಿಕೊಂಡು "ಇಳಿ ಮರಿ, ಇದು ನನ್ನ ಕೆಲ್ಸ" ಅನ್ನುತ್ತಾಳೆ. ಅಷ್ಟೆಲ್ಲ ಮಾತಾಡುವ ಇಪೊಲಿತ್, ಅರ್ಮಾಂ ದನಿಯಲ್ಲಿ, ಧಾರಾವಾಹಿಯ ಮೂರು ವರ್ಷದಲ್ಲಿ ಮೊದಲ ಸಲ ಬರೀ "ಮ್ಮಾ" ಅಂದ. "ತಮಾಷೆ ಧಾರಾವಾಹಿ ಕಣ್ರಯ್ಯಾ ಇದು!" ಎಂದು ಸೋಲೀನ್ ಮೂಗು ಒರೆಸಿಕೊಳ್ಳುತ್ತಲೇ ಗದರಿದಳು. ಆದರೂ ಒಪ್ಪಿದಳು.

ಇದೇ ಇಪ್ಪತ್ಮೂರರಿಂದ ಚಿತ್ರ ಬರೆಯಲು ಶುರು. ಆ ಬೆಳಿಗ್ಗೆ ನಿನ್ನದು, ಕೇಳದೆ ಕದ್ದೆ. ನೀನು ಬೇಡ ಅಂದರೆ ಇಡೀ ದೃಶ್ಯ ಕಿತ್ತುಹಾಕುತ್ತೇನೆ. ಸೋಲೀನ್‌ಗೆ ಎಲ್ಲವನ್ನೂ ಹೇಳಿದ್ದೇನೆ. "ಮಗಳನ್ನ ಕೇಳ್ದೆ ನಾನು ಪೆನ್ಸಿಲ್ ಮುಟ್ಟಲ್ಲ" ಅಂದಿದ್ದಾಳೆ. ಹೌದೋ ಅಲ್ಲವೋ, ಒಂದು ಸಾಲು ಬರಿ.

ಸುಜಾನ್ ಬೇಕಾದಷ್ಟು ಅಳಲಿ, ಹಟ ಮಾಡಲಿ, ಆದಷ್ಟು ದಿನ ಪಾಪುವಾಗಿಯೇ ಇರಲಿ. ನೀವಿಬ್ಬರೂ ಚೆನ್ನಾಗಿರಿ.

ನಿನ್ನ ಅಮ್ಮ

ತಾ.ಕ.: ಮೂರು ಪತ್ರ ಹರಿದದ್ದು ಈ ಮಾತಿಗಾಗಿ. ಆ ಬೆಳಿಗ್ಗೆ ನಿನಗೆ ಆರು ವರ್ಷ. ನಾನು ಕುಡಿದು ಮೈಮರೆತು ಬಿದ್ದಿದ್ದೆ ಅಂತಲೇ ಇಷ್ಟು ವರ್ಷ ನಂಬಿದ್ದೀಯ. ಇಲ್ಲ ಕಂದ, ನನಗೆ ಎಚ್ಚರವಿತ್ತು. ನೀನು ಹೊದಿಸಿದ ಕಂಬಳಿಯೊಳಗೆ ಮಲಗಿ, ಬಾಗಿಲಲ್ಲಿ ನೀನು ನನಗೋಸ್ಕರ ಸುಳ್ಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡೆ. ನಾಚಿಕೆಗೆ ಕಣ್ಣು ಬಿಡಲೇ ಇಲ್ಲ. ಈಗ ಎದ್ದಿದ್ದೇನೆ. ಕರೆದರೆ ನಾಂತ್‌ಗೆ, ನಿನ್ನ ಮನೆಗೆ ಬರುತ್ತೇನೆ. ಬೆಳಗಿನ ಕಾಫಿ ನಾನು ಮಾಡುತ್ತೇನೆ, ನೀನು ಮಲಗಿರು.