ಜೀಪಿಲ್ಲದೆ ನಡೆದ ರೈಡು

ಪ್ರೀತಿಯ ಅಪ್ಪಯ್ಯ,

ನೀವು ಹುಂಜಗಳನ್ನು ಹಿಡಿದು ತರುತ್ತಿದ್ದ ಆ ಭಾನುವಾರಗಳು ಇವತ್ತು ಬೆಳಿಗ್ಗೆಯಿಂದ ನೆನಪಾಗುತ್ತಿವೆ. ಯಾವುದೋ ಹಾಡಿಯ ಮರಗಳ ಮರೆಯಲ್ಲಿ ಹಣ ಕಟ್ಟಿ ಹುಂಜಗಳನ್ನು ಕಾದಿಸುವ ಕೋಳಿ ಅಂಕ ನಡೆಯುತ್ತಿದೆ ಎಂದು ಸುದ್ದಿ ಬಂದರೆ ಸಾಕು, ಠಾಣೆಯ ಜೀಪು ರೈಡಿಗೆ ಹೊರಡುತ್ತಿತ್ತು. ನೀವು ಹೆಡ್ ಕಾನ್‌ಸ್ಟೇಬಲ್, ಹಿಂದಿನ ಸೀಟು ನಿಮ್ಮದು. ಜನ ಗದ್ದೆಯಂಚಿನ ಮೇಲೆ ಬಿದ್ದು ಎದ್ದು ಓಡಿಹೋಗಿ, ಕೊನೆಗೆ ಕೈಗೆ ಸಿಗುತ್ತಿದ್ದದ್ದು ಕಾಲು ಕಟ್ಟಿದ ಕೆಲವು ಹುಂಜ, ಓಡಲಾಗದ ಒಬ್ಬಿಬ್ಬರು ಮುದುಕರು. ಠಾಣೆಯ ಹಿಂದೆ ಕಟ್ಟಿಹಾಕಿದ ಹುಂಜಗಳಿಗೆ ಅಕ್ಕಿ ಹಾಕಲು ನನ್ನನ್ನೂ ತಮ್ಮ ಗಿರೀಶನನ್ನೂ ಕರೆದೊಯ್ಯುತ್ತಿದ್ದಿರಿ. ಆಮೇಲೆ ಅವುಗಳ ಹರಾಜು. ಕೂಗುವವರು ನೀವು, ಕೊಳ್ಳುವವ ಹೆಚ್ಚಾಗಿ ಆ ಹುಂಜದ ಹಳೆಯ ಯಜಮಾನನೇ. ಅವನು ಏನೂ ಅರಿಯದವನ ಹಾಗೆ ನಿಂತಿದ್ದರೂ ಹುಂಜ ಅವನ ಗುರುತು ಹಿಡಿದು ಕೂಗುತ್ತಿತ್ತು. ನಿಮಗೆ ನಗು ತಡೆಯುತ್ತಿರಲಿಲ್ಲ.

ಊಟಕ್ಕೆ ಕುಳಿತಾಗ ಮಾತ್ರ ನಿಮ್ಮ ಮುಖ ಸಣ್ಣದಾಗಿರುತ್ತಿತ್ತು. ಅಮ್ಮ ಕೇಳುವ ಮೊದಲೇ ಹೇಳುತ್ತಿದ್ದಿರಿ: “ಇವತ್ತೂ ಆಡ್ದವ ಸಿಕ್ದ, ಆಡ್ಸ್ದವ ತಪ್ಸ್ಕಂಡ.” ಕೋಳಿ ಅಂಕಕ್ಕೂ ಅದೇ ಮಾತು, ಮಟ್ಕಾಕ್ಕೂ ಅದೇ. ಚೀಟಿ ಬರೆಸಿದ ಕೂಲಿಯವನು ಕಟಕಟೆಯಲ್ಲಿ, ಆಡಿಸಿದ ದೊಡ್ಡ ಕುಳ ಯಾವುದೋ ಊರಿನಲ್ಲಿ. ನಿವೃತ್ತಿಯಾಗುವ ತನಕ ಆ ಮಾತನ್ನು ತಿರುಗಿಸಿ ಹೇಳುವ ಒಂದೇ ಒಂದು ದಿನ ನಿಮಗೆ ಬರಲಿಲ್ಲ, ಅಲ್ಲವಾ?

ಆಮೇಲೆ ಆ ಪೇಪರಿನ ಸುದ್ದಿ. ಫೋನಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಮ್ಮ ರಾಜ್ಯದವರು ನಿಷೇಧಿಸಿದ್ದನ್ನು ಕನ್ನಡಕ ಏರಿಸಿ ಓದಿ ಹೇಳಿದಿರಿ. ಕೆಲವು ತಿಂಗಳ ಮೇಲೆ ಆ ಕಾನೂನು ಹೈಕೋರ್ಟಿನಲ್ಲಿ ಬಿದ್ದುಹೋದದ್ದನ್ನೂ ಓದಿದಿರಿ. “ಜನ ಸುತ್ತ ನಿಂತ್ರೆ ಅಲ್ದಾ ರೈಡ್ ಮಾಡೂದ್? ಕಿಸೆ ಒಳ್ಗಿನ್ ಅಂಕಕ್ಕೆ ಯಾವ್ ಜೀಪ್ ಕಳ್ಸೂದ್?” ಎಂದು ನನ್ನನ್ನೇ ಕೇಳಿದಿರಿ. ಪಕ್ಕದಲ್ಲೇ ಗಿರೀಶ ಬಗ್ಗಿ ಫೋನು ನೋಡುತ್ತಿದ್ದ. ತನ್ನ ಮೀನಿನ ಟೆಂಪೋಗೆ ಬಾಡಿಗೆ ಬಂತಾ ಎಂದು ನೋಡುತ್ತಿದ್ದಾನೆ ಅಂದುಕೊಂಡಿರಿ. ಅಪ್ಪಯ್ಯ, ಅವನು ರಮ್ಮಿ ಆಡುತ್ತಿದ್ದ.

ಇದು ನಿಮಗೆ ತಿಳಿಯುವ ಮೊದಲೇ ಕಣ್ಣು ಮುಚ್ಚಿದಿರಿ. ತಿಳಿಯದ್ದೇ ಒಳ್ಳೆಯದಾಯಿತು ಎಂದು ಅಮ್ಮ ಎಷ್ಟು ಸಲ ಅಂದಳೋ. ಗಂಗೊಳ್ಳಿಯಿಂದ ಮೀನು ಹೇರಿಕೊಂಡು ಹೊರಟವನು ಸಾಸ್ತಾನದ ಟೋಲ್ ಸಾಲಿನಲ್ಲಿ ನಿಂತರೆ ಫೋನು, ಬರುವಾಗ ತ್ರಾಸಿಯಲ್ಲಿ ಕಡಲಿನ ಎದುರು ಗಾಡಿ ನಿಲ್ಲಿಸಿದರೆ ಫೋನು. ಮಂಜುಗಡ್ಡೆ ಕರಗಿ ಮೀನು ಹಾಳಾಗಿ ಮಾಲಿನ ಯಜಮಾನರಿಂದ ಬೈಸಿಕೊಂಡ. ಅಮ್ಮ ಅವನನ್ನು ದೇವಸ್ಥಾನಕ್ಕೆ ಎಳೆದುಕೊಂಡು ಹೋಗಿ ದೀಪದ ಮುಂದೆ ಆಣೆ ಹಾಕಿಸಿದಳು. ಹಾಕಿದ, ಮುರಿದ. ಅದಾದ ಮೇಲೆ ನೋಡಿ, ಮನುಷ್ಯ ದೇವಸ್ಥಾನದ ಮೆಟ್ಟಿಲು ಹತ್ತಲಿಲ್ಲ, ಅಮ್ಮನ ಎದುರು ಊಟಕ್ಕೆ ಕೂರಲಿಲ್ಲ. ಬಟ್ಟಲು ಎತ್ತಿಕೊಂಡು ಹಿತ್ತಿಲ ಬಾಗಿಲಿಗೆ ಹೋಗಿಬಿಡುತ್ತಿದ್ದ. ನಿಮ್ಮ ಠಾಣೆಯ ಎದುರು ಹಾದುಹೋಗಬಾರದೆಂದು ಸುತ್ತು ದಾರಿ ಹಿಡಿಯುತ್ತಿದ್ದ. ಪೊಲೀಸಿನವರ ಮಗ ಜೂಜಿನಲ್ಲಿ ಸಿಕ್ಕಿದನೆಂದು ನಿಮ್ಮ ಹೆಸರು ಬಾಯಿಂದ ಬಾಯಿಗೆ ಹೋದರೆ... ಆ ಹೆದರಿಕೆಗೆ ಅವನು ಹೊರಗಿನ ಯಾರೊಂದಿಗೂ ಬಾಯಿ ಬಿಡಲಿಲ್ಲ. ನನ್ನ ತಮ್ಮ ಕಣ್ಣೆದುರೇ ಇದ್ದು ಕೈತಪ್ಪಿ ಹೋಗುತ್ತಿದ್ದ, ಅಪ್ಪಯ್ಯ. ನಾನು ಬೈದೆ, ಅತ್ತೆ, ಫೋನು ಕಿತ್ತಿಟ್ಟೆ. ಏನೂ ನಡೆಯಲಿಲ್ಲ.

ಇನ್ನು ಆ ಬೆಳಿಗ್ಗೆ. ಹಾಲಾಡಿಯ ನನ್ನ ಟೈಲರ್ ಅಂಗಡಿಯ ಬಾಗಿಲು ತೆಗೆಯುತ್ತಿದ್ದಂತೆ ಗಿರೀಶನ ಟೆಂಪೋ ಬಂದು ನಿಂತಿತು. ಹಣ ಹಾಕುವ ಆಟ ತೆರೆಯುತ್ತಿಲ್ಲವೆಂದು ಮಹಾಶಯ ಟವರ್ ಸಿಗುತ್ತಿಲ್ಲ ಅಂದುಕೊಂಡು ತ್ರಾಸಿಯ ಕಡಲಂಚಿನ ಹೊಯ್ಗೆಯಲ್ಲಿ ಫೋನು ಎತ್ತಿ ಹಿಡಿದು ಅತ್ತಿಂದಿತ್ತ ನಡೆದನಂತೆ, ಸಿಮ್ ಬದಲಾಯಿಸಿ ನೋಡಿದನಂತೆ. ಕೊನೆಗೆ ಪರದೆಯ ಮೇಲಿದ್ದುದನ್ನು ಓದಿದ. ಹಣ ಕಟ್ಟಿ ಆಡುವುದು ಇಲ್ಲಿಗೆ ನಿಂತಿದೆ ಎಂದು ಆ ಆಟದವರೇ ಬರೆದಿದ್ದರು. ದಿಲ್ಲಿಯಲ್ಲಿ ಕಾನೂನು ಆಗಿತ್ತು, ಇಡೀ ದೇಶಕ್ಕೆ. ಜೀಪಿಲ್ಲ, ಸೀಟಿ ಇಲ್ಲ, ಗದ್ದೆಯಂಚಿನ ಓಟ ಇಲ್ಲ. ಅಷ್ಟು ಕಿಸೆಗಳೊಳಗಿನ ಅಂಕ ಒಟ್ಟಿಗೇ ನಿಂತಿತ್ತು. ದೇವರ ಆಣೆಗೆ ಜಗ್ಗದ್ದು, ಅಮ್ಮನ ಕಣ್ಣೀರಿಗೆ ಜಗ್ಗದ್ದು! ನೀವಿದ್ದಿದ್ದರೆ ಕುರ್ಚಿಯಿಂದ ಎದ್ದು ನಿಂತುಬಿಡುತ್ತಿದ್ದಿರಿ.

ಪೇಪರು ಬಿಡಿಸಿ ಅವನಿಗೆ ಓದಿ ಹೇಳಿದೆ. ಇಂಥ ಆಟಕ್ಕೆ ಬ್ಯಾಂಕಿನವರು ಹಣ ದಾಟಿಸುವ ಹಾಗಿಲ್ಲ, ಯಾವ ದೊಡ್ಡ ಮನುಷ್ಯನೂ ಜಾಹೀರಾತಿನಲ್ಲಿ ಬಂದು ಕರೆಯುವ ಹಾಗಿಲ್ಲ. ನಡೆಸಿದವನಿಗೆ ಜೈಲು, ಆಡಿ ಕೆಟ್ಟವನಿಗೆ ಶಿಕ್ಷೆ ಇಲ್ಲ. ಆ ಸಾಲಿನ ಮೇಲೆ ಬೆರಳಿಟ್ಟೆ. ನಮ್ಮ ಊಟದ ಮನೆಯಲ್ಲಿ ನೀವು ಆಡುತ್ತಿದ್ದ ಮಾತು ದಿಲ್ಲಿಯವರಿಗೆ ಕೇಳಿಸಿದ್ದು ಹೇಗೆ? ಕೋರ್ಟಿನಲ್ಲಿ ಇದಕ್ಕೂ ತಕರಾರು ಹೋಗಿದೆಯಂತೆ, ಏನಾಗುತ್ತದೋ ಗೊತ್ತಿಲ್ಲ. ಗಿರೀಶ ಆ ಸಾಲನ್ನೇ ಮತ್ತೆ ಓದಿಸಿದ. “ಆಡ್ದವನ್ ಮೇಲೆ ಕೇಸ್ ಇಲ್ಯಾ ಅಕ್ಕ?” ಎಂದ. ಇಲ್ಲ ಮಾರಾಯ ಅಂದೆ. ಹೊಲಿಗೆ ಮಿಷನ್ನಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟ. ಹೊಲಿಯಲು ಬಂದಿದ್ದ ರವಿಕೆ ಬಟ್ಟೆಯೆಲ್ಲ ಒದ್ದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಆಡಿಸುವವರು ಅಷ್ಟು ಸುಲಭಕ್ಕೆ ಮನೆಗೆ ಹೋಗುತ್ತಾರಾ? ಸ್ವಲ್ಪ ದಿನ ಕಳೆದು ಅವನ ವಾಟ್ಸಾಪಿಗೆ ಒಬ್ಬ ಬಂದ. ಬೇರೆ ದೇಶದಿಂದ ನಡೆಸುವ ಆಟವಂತೆ, ಯಾರಿಗೂ ಗೊತ್ತಾಗುವುದಿಲ್ಲವಂತೆ, ತನ್ನ ಖಾತೆಗೆ ಹಾಕಿದರೆ ಸಾಕಂತೆ. ಗಿರೀಶ ಅದನ್ನು ಅಮ್ಮನಿಗೇ ತೋರಿಸಿದ. ತೋರಿಸಿದ್ದೇ ದೊಡ್ಡದು ಎಂದು ನಾನು ಅಳಿಸಿ ಹಾಕಲು ಹೇಳಿದೆ. ಅವನು ಅಳಿಸಲಿಲ್ಲ. ಸುತ್ತು ದಾರಿ ಬಿಟ್ಟು, ನಾರುವ ಮೀನಿನ ಟೆಂಪೋವನ್ನು ಸೀದಾ ನಿಮ್ಮ ಠಾಣೆಯ ಎದುರೇ ನಿಲ್ಲಿಸಿ ಒಳಗೆ ಹೋದ. ತಾನು ಆಡಿದ್ದನ್ನೂ ಹೇಳಿದ, ಫೋನನ್ನೂ ಮೇಜಿನ ಮೇಲಿಟ್ಟ. ಯಾರ ಮಗ ಎಂದು ಕೇಳಿದರಂತೆ. ನಿಮ್ಮ ಹೆಸರು ಹೇಳಿದನಂತೆ, ಪೂರ್ತಿ ಹೆಸರು. ಇದನ್ನು ಬರೆಯುವಾಗ ಕಣ್ಣು ಮಂಜಾಗುತ್ತಿದೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ.

ನಿನ್ನೆ ಠಾಣೆಯಿಂದ ಫೋನು ಬಂತು. ಆ ವಾಟ್ಸಾಪಿನವನು ಬೈಂದೂರಿನ ಕಡೆ ಬಾಡಿಗೆ ರೂಮಿನಲ್ಲಿ ಕುಳಿತು ನಮ್ಮ ಕಡಲ ಬದಿಯ ಹುಡುಗರಿಗೆಲ್ಲ ಗಾಳ ಹಾಕುತ್ತಿದ್ದವನಂತೆ. ನಾನು ಮನೆಗೆ ಬಂದಿದ್ದೆನೆಂದು ಅಮ್ಮ ಬಂಗುಡೆ ಸಾರು ಮಾಡಿದ್ದಳು. ಗಿರೀಶ ಕೈಕಾಲು ತೊಳೆದು ಒಳಗೆ ಬಂದ. ಬಟ್ಟಲು ಎತ್ತಿಕೊಂಡು ಹೋಗಲಿಲ್ಲ. ಅಮ್ಮನ ಎದುರು, ನಿಮ್ಮ ಜಾಗದಲ್ಲೇ ಕುಳಿತ. ಅವಳು ಏನೂ ಕೇಳುವ ಮೊದಲೇ ಹೇಳಿದ:

“ಅಮ್ಮ, ಇವತ್ತ್ ಆಡ್ಸ್ದವ ಸಿಕ್ದ.”

ನಿಮ್ಮ ಮಗಳು,
ಜಯ