ಮುರು ಮೀನಿನ ಕಲ್ಲು

ಉಪ್ಪುಂದ
೧೮ ನವೆಂಬರ್ ೨೦೨೫

ಪ್ರೀತಿಯ ರತನಣ್ಣಾ,

ನಿನ್ನ ಸೊಂಟನೋವು ಹೇಗಿದೆ? ರತ್ನಾಗಿರಿಯ ಆ ಬೋಟಿನಲ್ಲಿ ಹೊತ್ತಿಗೆ ಸರಿಯಾಗಿ ಅನ್ನವಾದರೂ ಸಿಗುತ್ತದೆಯೇ? ಅಮ್ಮ ಒಣಸಿಗಡಿ ಚಟ್ನಿ ಮಾಡಿಟ್ಟಿದ್ದಾಳೆ, ತರುವವರು ಯಾರೂ ಸಿಕ್ಕಿಲ್ಲ. ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದೇನೆಂದು ನಗಬೇಡ. ಅಪ್ಪಯ್ಯ ಇದ್ದಲ್ಲಿ ಈಗ ಫೋನ್ ತೆಗೆಯುವ ಹಾಗಿಲ್ಲ. ಕಂಡರೆ ಮಾತು ನಿಲ್ಲಿಸಿಬಿಡುತ್ತಾರೆ.

ತಪ್ಪು ನನ್ನದೇ. ಚೀನಾದವರು ತಮ್ಮ ಎಐ ಭಾಷಾ ಮಾದರಿಗಳನ್ನು ಓಪನ್ ಸೋರ್ಸ್ ಎಂದು ಜಗತ್ತಿಗೇ ಬಿಟ್ಟುಕೊಟ್ಟಾಗ ನಾನು ಕುಣಿದಾಡಿದ್ದು ನಿನಗೆ ನೆನಪಿರಬಹುದು. ಆಸ್ಪತ್ರೆಯವರು ಆಸ್ಪತ್ರೆಗೆ, ಗಿರಣಿಯವರು ಗಿರಣಿಗೆ ಅದನ್ನು ಪಳಗಿಸಿಕೊಳ್ಳುತ್ತಾರೆ, ನಾಡದೋಣಿಯವರಿಗೆ ಯಾಕಾಗಬಾರದು ಎಂದು ಕರಪತ್ರ ಬರೆದು ಹಂಚಿದೆ. ಬಿಜೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸುಜಿತ್ ಯಂತ್ರ ಹೊಂದಿಸಿಕೊಟ್ಟ. ಗಾಳಿ, ನೀರಿನ ಸೆಳೆತ, ಬಲೆ, ಮೀನು ಎಲ್ಲವನ್ನೂ ಕುಂದಾಪ್ರ ಕನ್ನಡದಲ್ಲೇ ಅದಕ್ಕೆ ಕಲಿಸಿದೆವು. ಕೊನೆಗೆ ಅಪ್ಪಯ್ಯನ ಮುಂದೆ ಕೂತೆ.

ಮೀನು ಸೇರುವ ಕಡಲಡಿಯ ಕಲ್ಲುಗಳ ಗುರುತನ್ನು ನಮ್ಮಲ್ಲಿ ದೋಣಿ ಹಿಡಿಯುವ ಮಗನಿಗೆ ಮಾತ್ರ ಹೇಳುವುದು. ನೀನು ಅದಕ್ಕೆ ಮೊದಲೇ ಹೊರಟುಹೋದೆ. ಹುಡುಗಿಯಾದ ನನ್ನೆದುರು ಅಪ್ಪಯ್ಯ ಬಾಯಿಬಿಟ್ಟರು: ದೋಣಿಯಿಂದ ದಡದತ್ತ ನೋಡಿದರೆ ಕೊಡಚಾದ್ರಿಯ ತುದಿ ಯಾವ ಮರದ ನೆತ್ತಿಗೆ ಬರಬೇಕು, ಒತ್ತಿನೆಣೆ ಗುಡ್ಡ ಎಷ್ಟು ಮರೆಯಾಗಬೇಕು, ಆಗ ಗಾಳ ಬಿಟ್ಟರೆ ಕೆಳಗೆ ಮುರು ಮೀನಿನ ಕಲ್ಲು. “ಇದ್ ನಮ್ಮ್ ಕೇರಿ ದಾಂಟುದಿಲ್ಲ ಅಲ್ದಾ?” ಎಂದು ಒಂದೇ ಮಾತು ಕೇಳಿದ್ದರು. ನಾನು ಹೂಂ ಅಂದೆ. ಜ್ಞಾನಕ್ಕೆ ಬೇಲಿ ಹಾಕುವುದೂ ಒಂದು ಜಮೀನ್ದಾರಿಕೆ ಎಂದು ಒಳಗೊಳಗೇ ಅಂದುಕೊಂಡೆ. ಅಪ್ಪಯ್ಯ ಹೇಳಿದ್ದನ್ನೂ ಯಂತ್ರಕ್ಕೆ ಕಲಿಸಿ, ಕಲಿಸಿದ್ದನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿ, ಯಾರು ಬೇಕಾದರೂ ಬಳಸಿ ಎಂದು ಬರೆದೆ.

ಬಳಸಿದರು. ಒಂದು ಮೀನು ಕಂಪನಿ ಅದಕ್ಕೆ ತನ್ನ ಹೆಸರು ಹಚ್ಚಿ ದೊಡ್ಡ ಬೋಟುಗಳಿಗೆಲ್ಲ ಹಂಚಿತು. ಚೀನಾದವರು ಕೊಟ್ಟದ್ದು ಪುಕ್ಕಟೆ, ಅಪ್ಪಯ್ಯ ಕೊಟ್ಟದ್ದೂ ಪುಕ್ಕಟೆ, ಲಾಭ ಮಾತ್ರ ಕಂಪನಿಯದ್ದು. ಕಳ್ಳತನ ಅನ್ನುವಂತಿಲ್ಲ, ಅನುಮತಿ ನನ್ನದೇ. ಮೀನು ಮೊಟ್ಟೆ ಕಟ್ಟುವ ದಿನಗಳಲ್ಲಿ ಅಪ್ಪಯ್ಯ ಆ ಕಲ್ಲಿನತ್ತ ತಲೆ ಹಾಕುತ್ತಿರಲಿಲ್ಲ. ಅದನ್ನು ಯಂತ್ರಕ್ಕೆ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಅದು ಹೇಳಿಕೊಡಬೇಕಾದ ವಿಷಯವೇ ಅಲ್ಲ. ಹೋದ ತಿಂಗಳು ಹೊರಗಿನ ಬೋಟೊಂದು ಕಲ್ಲನ್ನು ಸುತ್ತಿ ಬಲೆ ಹಾಕಿ, ಮೊಟ್ಟೆ ತುಂಬಿದ ಮುರುಗಳನ್ನೆಲ್ಲ ಬಾಚಿಕೊಂಡು ಹೋಯಿತು. ಅಲ್ಲೇ ಹತ್ತಿರ ದೋಣಿಯಲ್ಲಿದ್ದ ಪಕ್ಕದ ಮನೆ ಬಚ್ಚಣ್ಣ ಬಂದು ಹೇಳಿದ. ಆಮೇಲೆ ಅಪ್ಪಯ್ಯನ ಗಾಳಕ್ಕೆ ಒಂದೂ ಬಿದ್ದಿಲ್ಲ. ಬೈದರೂ ಆಗುತ್ತಿತ್ತು. ಬೆಳಿಗ್ಗೆ ದೋಣಿ ಇಳಿಸುವಾಗ, “ಹ್ವಾಯ್ ಮೇಡಮ್ರೇ, ಇವತ್ ಗಾಳ ಎಲ್ಲ್ ಹಾಕುದ್? ನಿಮ್ಮ್ ಚೀನಾದ್ ಪಂಡಿತ್ರ ಹತ್ರ ಕೇಣಿ ಕಾಂಬ” ಅನ್ನುತ್ತಾರೆ. ಸುತ್ತಲಿನವರು ನಗುತ್ತಾರೆ. ಉಳಿದ ಕರಪತ್ರಗಳಲ್ಲಿ ಅಮ್ಮ ಒಣಮೀನು ಕಟ್ಟಿಕೊಡುತ್ತಾಳೆ.

ಮೈ ಕಡೆ ಗಮನವಿರಲಿ. ಅಮ್ಮನ ಆಶೀರ್ವಾದ ಈ ಕಾಗದದ ಜೊತೆಗಿದೆ. ಅಪ್ಪಯ್ಯನದನ್ನು ನೀನೇ ಬಂದು ಪಡೆ.

ನಿನ್ನ ತಂಗಿ,
ಚಂದನಾ

ತಾ.ಕ.: ಅಪ್ಪಯ್ಯ ನನಗೆ ಹೇಳದೆ ಉಳಿಸಿಕೊಂಡ ಕಲ್ಲು ಒಂದಿದೆಯಂತೆ. “ರತನ್ ಬರ್ಲಿ, ಅವ್ನಿಗ್ ಹೇಳ್ತೆ” ಅನ್ನುತ್ತಿದ್ದಾರೆ. ಬಾ. ಆದರೆ ಅವತ್ತು ಮುರುಗಳನ್ನು ಬಾಚಿದ ಆ ಬೋಟಿನಲ್ಲಿ ಬಲೆ ಎಳೆಯುತ್ತಿದ್ದವರಲ್ಲಿ ನೀನೂ ಇದ್ದೆ. ಬಚ್ಚಣ್ಣ ಕಣ್ಣಾರೆ ಕಂಡಿದ್ದಾನೆ, ನನ್ನೊಬ್ಬಳಿಗೇ ಹೇಳಿದ್ದಾನೆ. ದಾರಿ ತೋರಿಸಿದವಳು ನಾನು, ನಿನ್ನನ್ನು ಬೈಯುವ ಮುಖ ನನಗಿಲ್ಲ. ಅಪ್ಪಯ್ಯನ ಹತ್ತಿರ ಮೊದಲು ಅದನ್ನು ಹೇಳು. ಆಮೇಲೂ ಅವರು ಬಾಯಿಬಿಟ್ಟರೆ, ಆ ಕಲ್ಲಿನ ಗುರುತು ಕೇಳಿಕೋ.