ರೇವಣ್ಣನ ತೂಕ

ಕೂಡಿಗೆ,
೧೮-೧-೧೯೫೪

ಪ್ರೀತಿಯ ಯಜಮಾನರಿಗೆ ವನಜಳ ನಮಸ್ಕಾರ.

ಕುಟ್ಟದ ಚಳಿಯಲ್ಲಿ ನಿಮ್ಮ ಕೆಮ್ಮು ಹೇಗಿದೆ? ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಹಣ್ಣಿನ ಪಿಕ್ಕಿಂಗ್ ಮುಗಿಯುವ ತನಕ ಕಾಯಿಲೆ ಬೀಳುವುದಕ್ಕೂ ರಜೆಯಿಲ್ಲ ಎಂದು ಗೊತ್ತು. ಕಷಾಯ ಕುಡಿಯಿರಿ, ಬೀಡಿ ಕಡಿಮೆ ಮಾಡಿ. ಹೇಳಿದರೆ ಕೇಳುವ ಪೈಕಿಯಲ್ಲ ನೀವು, ಆದರೂ ಹೇಳುತ್ತೇನೆ.

ನಮ್ಮ ರೇವಣ್ಣನಿಗೆ ದಡಾರ ಎದ್ದು ಇಳಿದದ್ದು ಬರೆದಿದ್ದೆನಲ್ಲ. ಅಂದಿನಿಂದ ಅತ್ತೆ ಮಗುವಿಗೆ ಪಥ್ಯ ಹಿಡಿಸಿದ್ದಾರೆ. ಹಾಲಿಲ್ಲ, ಬೇಳೆಯಿಲ್ಲ, ಮೊಟ್ಟೆಯ ಮಾತೇ ಇಲ್ಲ. ಮೂರು ಹೊತ್ತೂ ಅಕ್ಕಿ ಗಂಜಿ. ಮೈ ತುಂಬಿಕೊಂಡರೆ ಅವನ ತೂಕದಷ್ಟು ಬೆಲ್ಲ ಕೊಡುತ್ತೇನೆಂದು ದೇವರಿಗೆ ಹರಕೆಯನ್ನೂ ಹೊತ್ತರು. ಹೋದ ತಿಂಗಳು ಕೆನ್ನೆ, ಕೈಕಾಲು ಎಲ್ಲ ಗುಂಡಗಾದವು. ತುಲಾಭಾರದ ದಿನ ಮಗು ಕೂತ ತಟ್ಟೆ ಮೇಲೇಳಲೇ ಇಲ್ಲ, ಮನೆಯಿಂದ ಒಯ್ದ ಬೆಲ್ಲ ಸಾಲದೆ ಅಂಗಡಿಯಿಂದ ಇನ್ನೆರಡು ಅಚ್ಚು ತರಿಸಬೇಕಾಯಿತು. ಅತ್ತೆ ಊರಿಗೆಲ್ಲ ಕೇಳುವಂತೆ, "ನೋಡ್ರವ್ವಾ, ನನ್ ಮೊಮ್ಮಗ ಬರೀ ಗಂಜೀಲೇ ಹೆಂಗ್ ತೂಕ ಬಂದವ್ನೆ!" ಎಂದರು. ನನಗೆ ಮಾತ್ರ ನಂಬಿಕೆ ಬರಲಿಲ್ಲ. ಅವನ ಪಾದ ಒತ್ತಿದರೆ ನನ್ನ ಹೆಬ್ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ನಗುವುದನ್ನೂ ಬಿಟ್ಟಿದ್ದ. ಹೇಳಿದ್ದಕ್ಕೆ ಅತ್ತೆ, "ತಾಯಿ ಕಣ್ಣೇ ಮೊದಲು ತಾಗೋದು, ಸುಮ್ಕಿರು" ಎಂದು ಗದರಿದರು.

ಕೊನೆಗೆ ಜಗಳವಾಡಿ ಕುಶಾಲನಗರದ ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಡಾಕ್ಟರು ಅವನ ಕಾಲು ಒತ್ತಿ ನೋಡಿ, "ಇದು ಮೈಯಲ್ಲಮ್ಮ, ಹಾಲು ಬೇಳೆ ಇಲ್ಲದೆ ತುಂಬಿದ ನೀರು. ಗಾತ್ರ ಇದೆ, ತೂಕ ಇದೆ, ಒಳಗೆ ಮಗು ಸವೆದುಹೋಗಿದೆ. ತಕ್ಕಡಿಗೆ ನೀರೂ ಒಂದೇ, ಮಾಂಸವೂ ಒಂದೇ" ಎಂದರು. ಅಲ್ಲೇ ಉಳಿಸಿಕೊಂಡು ಹಾಲು, ಮೊಟ್ಟೆ ಕೊಡಿಸಿದರು. ಬಾವು ಇಳಿಯಿತು, ಅದರ ಜೊತೆ ತೂಕವೂ ಇಳಿಯಿತು. ಉಳಿದದ್ದು ಎಲುಬು, ಚರ್ಮ. ಆದರೆ ನನ್ನ ಸೆರಗು ಜಗ್ಗಿ ಇನ್ನಷ್ಟು ಹಾಲು ಕೇಳಿದ ನೋಡಿ, ನಾನು ಅತ್ತುಬಿಟ್ಟೆ! ಅಷ್ಟರಲ್ಲಿ ಅತ್ತೆ ನೋಡಲು ಬಂದರು. ಎತ್ತಿಕೊಂಡವರೇ, "ಅಯ್ಯೋ, ಹೂವಿನಂಗೆ ಹಗುರಾಗವ್ನಲ್ಲೋ! ಕೊಂದೇ ಬಿಟ್ರಲ್ಲೋ ನನ್ ಕೂಸ್ನ!" ಎಂದು ಗೋಳಾಡಿ, ಯಾರು ತಡೆದರೂ ಕೇಳದೆ ಮನೆಗೆ ತಂದುಬಿಟ್ಟರು. ಮತ್ತೆ ಗಂಜಿ. ಮತ್ತೆ ಕೆನ್ನೆ ಊದಿದೆ, ಅತ್ತೆಗೆ ಸಮಾಧಾನವಾಗಿದೆ. ಅವರು ಕೆಟ್ಟವರಲ್ಲ. ಅವನಿಗಾಗಿ ಒಪ್ಪೊತ್ತು ಉಪವಾಸ ಮಾಡುತ್ತಾರೆ, ಬೈಯೋಣವೆಂದರೆ ನನಗೆ ಬಾಯಿ ಬರುವುದಿಲ್ಲ.

ನಿಮ್ಮ ಮಾತನ್ನು ಮಾತ್ರ ಅವರು ಮೀರುವುದಿಲ್ಲ. ಹಾಲು ಕೊಡಿ, ಮಗುವನ್ನು ಆಸ್ಪತ್ರೆಗೆ ಬಿಡಿ ಎಂದು ಕೂಡಲೇ ಒಂದು ಕಾರ್ಡು ಹಾಕಿ. ನಿಮ್ಮ ಕಾಲಿಗೆ ಬಿದ್ದೆ ಎಂದುಕೊಳ್ಳಿ. ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಮೈ ಕಡೆ ಜೋಪಾನ.

ನಿಮ್ಮ
ವನಜ

ವಿ.ಸೂ.: ನಿಮ್ಮ ಕಾರ್ಡಿಗೆ ಕಾಯುವ ಹಾಗಿಲ್ಲ. ರೇವಣ್ಣ ಬೆಳಗಿನಿಂದ ಅಳುವುದನ್ನೂ ನಿಲ್ಲಿಸಿದ್ದಾನೆ. ಅತ್ತೆ ಹೊಳೆಗೆ ಹೋಗಿದ್ದಾರೆ, ನಾನು ಮಗುವನ್ನು ಎತ್ತಿಕೊಂಡು ಹೊರಟೆ, ದಾರಿಯಲ್ಲಿ ಇದನ್ನು ಅಂಚೆಗೆ ಹಾಕುತ್ತೇನೆ. ಸೊಸೆ ಮೊಮ್ಮಗನನ್ನು ಕದ್ದುಕೊಂಡು ಓಡಿದಳು ಎಂದು ತಂತಿ ಬಂದರೆ ನಿಜವೆಂದೇ ತಿಳಿಯಿರಿ. ಮನೆಗೆ ಬರಬೇಡಿ, ನೇರ ಆಸ್ಪತ್ರೆಗೆ ಬನ್ನಿ. ಅವನು ಇದ್ದರೂ ಹೋದರೂ ನಾನು ಅಲ್ಲೇ ಇರುತ್ತೇನೆ.